ಒದ್ದು ನೋಡದ ಏಣಿ

ನಮ್ಮ ಸೀಮೆಯಲ್ಲಿ ಹುಣಸೆಮರದಿಂದ ಬಿದ್ದು ಸೊಂಟ ಮುರಿದುಕೊಂಡರು, ಕಾಲು ಮುರಿದುಕೊಂಡರು ಎಂದು ದವಾಖಾನೆಯ ಪುಸ್ತಕದಲ್ಲಿ ದಾಖಲಾದ ಎಷ್ಟೋ ಮಂದಿ ಹುಣಸೆಮರ ಹತ್ತಿದವರೇ ಅಲ್ಲ. ಅವರು ಬಿದ್ದದ್ದು ಏಣಿಯಿಂದ. ಎಣ್ಣೆ ಮಿಲ್ಲಿನ ಏಣಿ, ಹತ್ತಿ ಜಿನ್ನಿನ ಏಣಿ, ಮೆಕ್ಕೆಜೋಳದ ಗೋದಾಮಿನ ಏಣಿ. ಇದು ನನಗೆ ಹೇಗೆ ಗೊತ್ತು ಎಂದರೆ, ಅವರಲ್ಲಿ ಕೆಲವರನ್ನು ಆ ಮರ ಹತ್ತಿಸಿದವನು ನಾನೇ.

ಕೊಟ್ಟೂರಿನ ಹೊರಗೆ, ಕೂಡ್ಲಿಗಿ ಕಡೆಯ ರಸ್ತೆಯಲ್ಲಿದ್ದ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷದ ಮೇಲೆ ಫಿಟ್ಟರ್ ಆಗಿದ್ದೆ. ಈಗ ಮನೆಯಲ್ಲಿದ್ದೇನೆ. ನಮ್ಮ ಓಣಿಯಲ್ಲಿ ಐಟಿಐ ಮುಗಿಸಿದವರು ಬಂದು, "ಬಸಣ್ಣಾರ, ಕೆಲಸಕ್ಕ ಸೇರಾಕತ್ತೀವಿ, ನಮಗೂ ಏನಾರ ಹೇಳ್ರಿ" ಅನ್ನುತ್ತಾರೆ. ಏನು ಹೇಳಲಿ? ಬೇರಿಂಗ್ ಹೇಗೆ ಬಿಚ್ಚಬೇಕು, ಬೆಲ್ಟ್ ಹೇಗೆ ಬಿಗಿಯಬೇಕು ಎನ್ನುವುದು ಮೊಬೈಲಿನಲ್ಲಿ ಸಿಗುತ್ತದೆ. ಅದರಲ್ಲಿ ಸಿಗದ್ದನ್ನು ಬರೆಯುತ್ತೇನೆ. ಓದಿ ಧೈರ್ಯ ತಂದುಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನಗೆ ಕೆಲಸ ಕಲಿಸಿದವರು ಹುಸೇನಸಾಬ್ ಮೇಸ್ತ್ರಿ. ಬಿಳಿ ಗಡ್ಡ, ಹೆಗಲ ಮೇಲೆ ಸದಾ ಒಂದು ಎಣ್ಣೆ ಬಟ್ಟೆ, ಬಾಯಲ್ಲಿ ಸದಾ ಒಂದು ಬೈಗುಳ. ಸುಲಿದ ಶೇಂಗಾ ಬೀಜವನ್ನು ಮೇಲಿನ ಅಟ್ಟಕ್ಕೆ ಎತ್ತುವುದಕ್ಕೆ ಮಿಲ್ಲಿನಲ್ಲಿ ಒಂದು ಎಲಿವೇಟರ್ ಇತ್ತು. ಎತ್ತರದ ತಗಡಿನ ಪೆಟ್ಟಿಗೆ, ಅದರೊಳಗೆ ಬೆಲ್ಟು, ಬೆಲ್ಟಿಗೆ ಸಾಲಾಗಿ ಸಣ್ಣ ಬಕೆಟ್ಟುಗಳು. ಬೆಲ್ಟು ಜಾರುವುದು, ಬಕೆಟ್ಟು ಸಿಕ್ಕಿಕೊಳ್ಳುವುದು, ಬೇರಿಂಗ್ ಕಾಯುವುದು ಎಲ್ಲವೂ ಅದರ ಮೇಲಿನ ತುದಿಯಲ್ಲೇ. ಮಿಲ್ಲಿನಲ್ಲಿ ಕೆಡುವುದೆಲ್ಲ ಎತ್ತರದಲ್ಲೇ ಕೆಡುತ್ತದೆ ಎಂದು ನನಗೆ ಮೊದಲ ತಿಂಗಳಲ್ಲೇ ತಿಳಿಯಿತು. ಅಲ್ಲಿಗೆ ಹೋಗುವುದಕ್ಕೆ ಇದ್ದದ್ದು ಇಪ್ಪತ್ತಡಿಯ ಒಂದು ಬಿದಿರಿನ ಏಣಿ.

ಹುಸೇನಸಾಬರು ದಿನಾ ಬೆಳಿಗ್ಗೆ ಆ ಏಣಿಯನ್ನು ಇಟ್ಟಿಗೆಗಳ ಮೇಲೆ ಮಲಗಿಸಿ, ಒಂದೊಂದೇ ಮೆಟ್ಟಿಲನ್ನು ಹಿಮ್ಮಡಿಯಿಂದ ಒದೆಯುತ್ತಿದ್ದರು. ಒದ್ದು, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು. ಠಣ್ ಎಂದರೆ ಗಟ್ಟಿ. ಬದ್ ಎಂದರೆ ಆ ಮೆಟ್ಟಿಲು ಬದಲಾಗಬೇಕು. ನಾನು ಹೊಸಬ. ಏಣಿಗೆ ಕಾಲು ತಾಗಿಸುವುದು ನನಗೆ ಸರಿ ಕಾಣಲಿಲ್ಲ. ಅನ್ನ ಕೊಡುವ ಸಾಮಾನು ಅಲ್ಲವೇ, ಕೈಯಿಂದ ಬಡಿದು ನೋಡಿದರೆ ಸಾಲದೇ ಎಂದೆ. ಮುದುಕ ನಕ್ಕರು.

"ಏಣಿಗಿ ಮರ್ಯಾದಿ ಕೊಡಬ್ಯಾಡಲೇ ಬಸ್ಯಾ. ಒದಿ. ನೀ ಅದನ್ನ ಒದೀಲಿಲ್ಲಂದ್ರ ಅದು ನಿನ್ನ ಒದೀತೈತಿ."

ಇನ್ನೊಂದು ಮಾತು ಅವರದು. ಬಿದಿರಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚು, ಬಣ್ಣ ಮಾತ್ರ ಹಚ್ಚಬೇಡ. ಎಣ್ಣೆ ಹಚ್ಚಿದ ಬಿದಿರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಾಣುತ್ತದೆ. ಬಣ್ಣ ಹಚ್ಚಿದರೆ ಒಳಗೆ ಹುಳ ಹಿಡಿದಿದ್ದರೂ ಮದುವೆ ಮನೆಯ ಕಂಬದ ಹಾಗೆ ಮಿಂಚುತ್ತದೆ. "ಬಣ್ಣ ಸುಳ್ಳ ಹೇಳ್ತೈತಿ" ಅನ್ನುತ್ತಿದ್ದರು. ಅವರು ಕೆಲಸ ಬಿಡುವವರೆಗೆ ಆ ಮಿಲ್ಲಿನಲ್ಲಿ ಯಾರೂ ಏಣಿಯಿಂದ ಬೀಳಲಿಲ್ಲ. ಅವರ ತಲೆಯ ಮೇಲೆ ನಾನೇ ಒಮ್ಮೆ ಸ್ಪ್ಯಾನರ್ ಬೀಳಿಸಿದ್ದುಂಟು. ನಾಲ್ಕು ಹೊಲಿಗೆ ಬಿದ್ದವು. ಮರುದಿನ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದು ಸ್ಪ್ಯಾನರಿಗೆ ಸುತಲಿ ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದು, "ಹತ್ತು ಈಗ, ಎಮ್ಮಿ" ಎಂದರು. ಅಂದಿನಿಂದ ನಾನು ಹುರಿ ಕಟ್ಟದೆ ಮೇಲೆ ಹತ್ತಿದವನಲ್ಲ.

ಅವರು ಹೋದ ಮೇಲೆ ನಾನು ಮೇಸ್ತ್ರಿಯಾದೆ. ಒದೆಯುವ ಕೆಲಸ ನನಗೆ ಬಂತು.

ಹುಣಸೆಮರದ ಸುಳ್ಳು ಶುರುವಾದದ್ದು ಹೀಗೆ. ಹೊಳಲಿನಿಂದ ಬಂದಿದ್ದ ಒಬ್ಬ ಹಮಾಲ ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿ ಹತ್ತಲು ಸಣ್ಣ ಏಣಿ ಹಾಕಿಕೊಂಡಿದ್ದ. ನೆಲದ ಮೇಲೆಲ್ಲ ಎಣ್ಣೆಯ ಜಿಡ್ಡು. ಏಣಿಯ ಬುಡ ಜಾರಿತು. ಎಂಟಡಿ ಎತ್ತರ ಅಷ್ಟೆ, ಆದರೂ ತೊಡೆಯ ಮೂಳೆ ಎರಡು ತುಂಡು. ಟೆಂಪೋದಲ್ಲಿ ಹಾಕಿಕೊಂಡು ಹೊರಟೆವು. ನನ್ನ ಪಕ್ಕದಲ್ಲಿ ಮ್ಯಾನೇಜರ್ ವಿರೂಪಾಕ್ಷಪ್ಪನವರು. ಸಿಟ್ಟಿನ ಮನುಷ್ಯರಲ್ಲ, ಮೆತ್ತಗೆ ಮಾತನಾಡುವವರು. ಮೆತ್ತಗಿರುವವರಿಗೇ ಹೆದರಬೇಕು ಎಂದು ನಾನು ತಡವಾಗಿ ಕಲಿತೆ.

"ಬಸಣ್ಣ, ಮಿಲ್ಲಿನ್ಯಾಗ ಬಿದ್ದ ಅಂದ್ರ ನಾಳಿ ಇನ್ಸ್‌ಪೆಕ್ಟರ್ ಬರ್ತಾನ, ಬೀಗ ಹಾಕ್ತಾನ. ನಲವತ್ತು ಮಂದಿ ಒಲಿ ಉರೀಬೇಕೋ ಬ್ಯಾಡೋ? ಈಗ ಹುಣಸಿಹಣ್ಣ ಬಡಿಯೋ ಕಾಲ. ಹುಣಸಿಮರದಾಗಿಂದ ಬಿದ್ದ ಅನ್ನು."

ಹಮಾಲ ನರಳುತ್ತಲೇ, "ಹೂಂನ್ರಿ, ಹಂಗ ಅಂದುಬಿಡ್ರಿ" ಎಂದ. ಅವನಿಗೂ ಕೆಲಸ ಬೇಕಿತ್ತು. ಶಿವರಾತ್ರಿಯ ಹಿಂದುಮುಂದು ನಮ್ಮ ಕಡೆ ಹುಣಸೆ ಬಡಿಯುವವರು ಮರದಿಂದ ಬೀಳುವುದು ಇದ್ದದ್ದೇ. ದವಾಖಾನೆಯಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕರೆತಂದವರ ಸಹಿ ಎಂಬಲ್ಲಿ ನಾನು ಸಹಿ ಹಾಕಿದೆ. ಮೊದಲ ಸುಳ್ಳು ವಿರೂಪಾಕ್ಷಪ್ಪನವರದು ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಬಿದ್ದ ಇಬ್ಬರಿಗೆ ಮ್ಯಾನೇಜರ್ ಬಾಯಿ ಬಿಡುವುದಕ್ಕೆ ಮೊದಲೇ ನಾನೇ ಮರ ತೋರಿಸಿದೆ. ಅಷ್ಟು ಬೇಗ ನುರಿತುಬಿಟ್ಟಿದ್ದೆ.

ಇನ್ಸ್‌ಪೆಕ್ಟರ್ ಬರುತ್ತಿದ್ದುದೂ ಉಂಟು. ಬರುವ ಹಿಂದಿನ ದಿನವೇ ಸುದ್ದಿ ಬರುತ್ತಿತ್ತು. ಆಗ ಆಫೀಸಿನ ಬೀರುವಿನಿಂದ ನಾಲ್ಕು ಸೇಫ್ಟಿ ಬೆಲ್ಟುಗಳು ಹೊರಬಂದು ಗೋಡೆಯ ಮೊಳೆಗಳಿಗೆ ನೇತು ಬೀಳುತ್ತಿದ್ದವು, ಪ್ಲಾಸ್ಟಿಕ್ ಹೊದಿಕೆಯ ಸಮೇತ. ಅವರು ಹೋದ ಮೇಲೆ ಮತ್ತೆ ಬೀರುವಿಗೆ. ಒಂದು ಸಲ ನಾನು ಬೆಲ್ಟು ಬೇಕೆಂದು ಕೇಳಿದೆ. "ಹೊಲಸಾಗ್ತಾವಲ್ಲೋ ಮಾರಾಯ, ಸಾಹೇಬರಿಗೆ ಏನ್ ತೋರಸೋದು?" ಎಂದರು ವಿರೂಪಾಕ್ಷಪ್ಪನವರು. ನಾವು ನಕ್ಕೆವು. ಈಗ ನೆನೆದರೆ ನಗು ಬರುವುದಿಲ್ಲ.

ಇನ್ನು ಕೊಟ್ರೇಶನ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇಲ್ಲಿಗೆ ಬರಲು ಮನಸ್ಸಿಲ್ಲದ್ದಕ್ಕೆ.

ಕೊಟ್ರೇಶ ಹೊಸಹಳ್ಳಿ ಹತ್ತಿರದ ಹಳ್ಳಿಯವನು. ಮಿಲ್ಲಿಗೆ ಬಂದಾಗ ಇಪ್ಪತ್ತೈದಾಗಿತ್ತು, ಬಿದ್ದಾಗ ಮೂವತ್ತಮೂರು. ಹೆಂಡತಿ ಹಾಲಮ್ಮ, ಒಬ್ಬಳು ಮಗಳು. ಎಲಿವೇಟರಿನ ಮೇಲಿನ ಕೆಲಸಕ್ಕೆ ಅವನಂಥ ಕೈ ಇನ್ನೊಂದಿರಲಿಲ್ಲ. ಸದ್ದು ಕೇಳಿಯೇ ಯಾವ ಬಕೆಟ್ಟಿನ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕ. ಮಿಲ್ಲಿನಿಂದ ಹೊರಡುವಾಗ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಮುಷ್ಟಿ ಶೇಂಗಾ ಇದ್ದೇ ಇರುತ್ತಿತ್ತು, ಅದಕ್ಕೆ ಯಾರೂ ಕಳವು ಎನ್ನುತ್ತಿರಲಿಲ್ಲ. ಕೊಟ್ರೇಶ ಅದನ್ನೂ ಒಯ್ಯುತ್ತಿರಲಿಲ್ಲ. "ನಮ್ಮಪ್ಪ ಮಂದಿ ಮರದ ಕೆಳಗ ಬಿದ್ದ ಹಣ್ಣೂ ಮುಟ್ಟಾಕ ಬಿಡ್ತಿದ್ದಿಲ್ಲರಿ" ಅನ್ನುತ್ತಿದ್ದ. ನಾವು ಅವನನ್ನು 'ಸತ್ಯಹರಿಶ್ಚಂದ್ರ' ಎಂದು ಕಾಡಿಸುತ್ತಿದ್ದೆವು.

ಅವನಿಗೂ ನನಗೂ ಒಂದು ರೂಢಿ ಬಿದ್ದಿತ್ತು. ಬೆಳಿಗ್ಗೆ ನಾನು ಏಣಿಯನ್ನು ಒದೆಯುತ್ತ ಹೋಗುವುದು, ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸುವುದು. ಹದಿನಾಲ್ಕನೆಯ ಮೆಟ್ಟಿಲು ಠಣ್ ಎಂದಮೇಲೆ ಎದ್ದು ಚಪ್ಪಲಿ ಬಿಟ್ಟು ಹತ್ತುತ್ತಿದ್ದ. ನಾನು ರಜೆ ಹಾಕಿದ ದಿನ ಬೇರೆ ಯಾರು ಹೇಳಿದರೂ ಹತ್ತುತ್ತಿರಲಿಲ್ಲ. "ಬಸಣ್ಣ ಒದ್ದಿಲ್ಲ" ಎಂದು ಕೆಳಗೇ ಕೂರುತ್ತಿದ್ದ. ಇದಕ್ಕಾಗಿ ಮ್ಯಾನೇಜರಿಂದ ಬೈಸಿಕೊಂಡಿದ್ದೂ ಉಂಟು.

ಆ ವರ್ಷ ಮಹಾನವಮಿಗೆ ಮೊದಲು ಮಿಲ್ಲಿನ ಒಡೆಯರಾದ ಸಾವ್ಕಾರರು ಕೆಲಸ ನಿಲ್ಲಿಸಿ ಮಿಲ್ಲಿಗೆಲ್ಲ ಕೆಂಪು ಬಣ್ಣ ಹೊಡೆಸಿದರು. ಯಂತ್ರ, ಕಂಬ, ಬಾಗಿಲು, ತೂಕದ ಕಟ್ಟೆ ಎಲ್ಲ ಹೊಸ ಮದುವಣಗಿತ್ತಿ. ನಡುವೆ ಆ ಏಣಿಯೊಂದು ಕರ್ರಗೆ, ಎಣ್ಣೆ ಕುಡಿದು ನಿಂತಿತ್ತು. ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ಪೂಜೆಗೆ ಸಾವ್ಕಾರರ ಮನೆಯವರೆಲ್ಲ ಬರುವವರಿದ್ದರು. ಯಾರೂ ಹೇಳಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ನಾನೇ ಬ್ರಷ್ಷು ಹಿಡಿದು ಏಣಿಗೆ ಬಣ್ಣ ಬಳಿದೆ. ಹುಸೇನಸಾಬರ ಮಾತು ನೆನಪಿಗೆ ಬರಲಿಲ್ಲವೇ? ಬಂತು. ಆ ವರ್ಷದ ಹೊತ್ತಿಗೆ ಅವರು ತೀರಿಕೊಂಡಿದ್ದರು, ಬೈಯುವವರು ಯಾರೂ ಇರಲಿಲ್ಲ.

ಆಯುಧಪೂಜೆಯ ದಿನ ಸ್ಪ್ಯಾನರು, ಸುತ್ತಿಗೆ, ತಕ್ಕಡಿ ಎಲ್ಲವನ್ನೂ ಸಾಲಾಗಿ ಇಟ್ಟು, ನಡುವೆ ಏಣಿಯನ್ನು ನಿಲ್ಲಿಸಿದೆವು. ಅದಕ್ಕೆ ವಿಭೂತಿಯ ಪಟ್ಟೆ ಎಳೆದು, ಕುಂಕುಮವಿಟ್ಟು, ಹಡಗಲಿ ಮಲ್ಲಿಗೆಯ ಹಾರ ಹಾಕಿದೆವು. ಸಾವ್ಕಾರರ ತಾಯಿ ಏಣಿಯ ಮುಂದೆ ನಿಂತು, "ಎಷ್ಟು ಚಂದ ಕಾಣ್ತೈತೆಪ್ಪ ಬಸಣ್ಣ" ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ನೆನಪಾದರೆ ಈಗಲೂ ಮೈಮೇಲೆ ಹಲ್ಲಿ ಬಿದ್ದ ಹಾಗೆ ಆಗುತ್ತದೆ.

ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡೆವು. ಅದರ ಮರುದಿನ ಬೆಳಿಗ್ಗೆ ಮಿಲ್ಲು ಶುರು. ಹೊಸ ಶೇಂಗಾ ಬಂದು ಬಿದ್ದಿತ್ತು, ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಗಂಟೆ ಒಂಬತ್ತಾಗುವಷ್ಟರಲ್ಲಿ ಎಲಿವೇಟರ್ ಗಕ್ಕನೆ ನಿಂತಿತು. ಮೇಲೆ ಬಕೆಟ್ಟು ಸಿಕ್ಕಿಕೊಂಡಿತ್ತು. ಕೊಟ್ರೇಶ ಬಂದು ಏಣಿಯ ಪಕ್ಕ ರೂಢಿಯಂತೆ ಕೂತ. ಏಣಿಯ ಮೇಲೆ ವಿಭೂತಿ ಹಾಗೇ ಇತ್ತು. ಬಾಡಿದ ಮಲ್ಲಿಗೆ ಹಾರವೂ ಹಾಗೇ ಇತ್ತು.

"ಒದೀರಿ, ಎಣಸ್ತೀನಿ" ಎಂದ.

ನಾನು ಕಾಲು ಎತ್ತಿದೆ. ಎತ್ತಿದ ಕಾಲನ್ನು ಇಳಿಸಿದೆ.

"ಪೂಜಿ ಮಾಡಿದ್ದು ಮೊನ್ನಿ ಮೊನ್ನಿ ಐತಿ, ಕಾಲ ಹಚ್ಚಬಾರದಲೇ. ಹೊಸಾ ಏಣಿ ಆದಂಗ ಆಗೈತಿ, ಹತ್ತು."

ಅವನು ನನ್ನ ಮುಖ ನೋಡಿದ. ನಾನು ಹೇಳಿದ್ದಲ್ಲವೇ, ನಂಬಿದ. ಏಣಿ ನಿಲ್ಲಿಸಿ, ಎರಡು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬರಿಗಾಲಲ್ಲಿ ಹತ್ತಿದ. ಬುಡವನ್ನು ನಾನೇ ಹಿಡಿದಿದ್ದೆ. ಹನ್ನೊಂದನೆಯ ಮೆಟ್ಟಿಲು ಮುರಿಯಿತು. ಸದ್ದು ನನಗೆ ಕೇಳಿಸಿತು, ಬದ್ ಎಂದಿತು. ಅವನು ನನ್ನ ಹೆಗಲಿಗೆ ತಾಗಿಕೊಂಡೇ ಕೆಳಗೆ ಬಂದ. ತಲೆ ಎಲಿವೇಟರಿನ ಬುಡದ ಕಬ್ಬಿಣದ ಅಂಚಿಗೆ ಬಡಿಯಿತು.

ಮುರಿದ ಮೆಟ್ಟಿಲನ್ನು ನಾನು ನೋಡಿದೆ. ಹೊರಗೆ ಕೆಂಪು ಬಣ್ಣ, ಒಳಗೆ ಅರ್ಧದಷ್ಟು ಅಗಲಕ್ಕೆ ಹಳೆಯ ಬಿರುಕು, ಕರ್ರಗಾಗಿತ್ತು. ಎಷ್ಟೋ ತಿಂಗಳ ಬಿರುಕಲ್ಲ ಅದು, ಬಣ್ಣಕ್ಕೆಂದು ಮಿಲ್ಲು ನಿಂತು ನಾನು ಏಣಿ ಒದೆಯದೇ ಇದ್ದ ಆ ವಾರ ಎರಡು ವಾರದ್ದಿರಬಹುದು, ಎಣ್ಣೆ ಕುಡಿದು ಕಪ್ಪಾಗಿತ್ತು. ಬಣ್ಣವಿಲ್ಲದಿದ್ದರೆ ಕಣ್ಣಿಗೆ ಕಾಣುತ್ತಿತ್ತು. ಒದ್ದಿದ್ದರೆ ಕಿವಿಗೆ ಕೇಳುತ್ತಿತ್ತು. ಎರಡು ಬಾಗಿಲನ್ನೂ ನಾನೇ ಮುಚ್ಚಿದ್ದೆ.

ಇಷ್ಟಾದ ಮೇಲಾದರೂ ಬಾಯಿಗೆ ನಿಜ ಬರಬೇಕಿತ್ತು. ದವಾಖಾನೆಯ ಮೆಟ್ಟಿಲ ಮೇಲೆಯೇ ನಾನು "ಹುಣಸಿಮರ" ಎಂದೆ. ಈ ಸಲ ಮಿಲ್ಲನ್ನು ಉಳಿಸಲು ಅಲ್ಲ, ನನ್ನನ್ನು ಉಳಿಸಿಕೊಳ್ಳಲು. ಡಾಕ್ಟರು ಚುರುಕಿನ ಮನುಷ್ಯ. ಕನ್ನಡಕದ ಮೇಲಿಂದ ನೋಡಿದರು.

"ಈಗಿನ್ನೂ ಕಾಯಿ ಸೈತ ಬಲತಿಲ್ಲ. ದಸರಾದಾಗ ಹುಣಸಿಮರದ ಮ್ಯಾಲ ಏನ್ ಕೆಲಸರೀ ಇವಗ?"

"ಆಡಿಗೆ ಸೊಪ್ಪು ಕಡಿಯಾಕ ಹತ್ತಿದ್ದರಿ."

ಒಂದು ಸುಳ್ಳಿಗೆ ಒಂಬತ್ತು ಸುಳ್ಳಿನ ಊರುಗೋಲು. ಡಾಕ್ಟರು ಬರೆದುಕೊಂಡರು, ದಾವಣಗೆರೆಗೆ ಒಯ್ಯಿರಿ ಎಂದರು. ಎರಡು ದಿನ ಬಿಟ್ಟು ಒಬ್ಬ ಪೊಲೀಸ್ ಪೇದೆ ವಿಚಾರಣೆಗೆ ಕೊಟ್ರೇಶನ ಹಳ್ಳಿಗೆ ಹೊರಟಿದ್ದಾನೆಂದು ಗೊತ್ತಾಯಿತು. ಕೊಟ್ರೇಶನ ಮನೆಯಲ್ಲಿ ಆಡೇ ಇರಲಿಲ್ಲ. ನಾನು ಮೋಟರ್ ಸೈಕಲ್ಲಿನಲ್ಲಿ ಮೊದಲೇ ಹೋಗಿ ನೆರೆಮನೆಯವರ ಎರಡು ಆಡು ತಂದು ಅವನ ಅಂಗಳದ ಗೂಟಕ್ಕೆ ಕಟ್ಟಿದೆ. ಪೇದೆ ಬಂದು ಆಡು ನೋಡಿದ, ಬರೆದುಕೊಂಡ, ನೀರು ಕುಡಿದು ಹೋದ. ಆಡುಗಳು ಒಡೆಯನ ಮನೆಯ ಕಡೆ ಮುಖ ಮಾಡಿ ಒಂದೇ ಸಮನೆ ಅರಚುತ್ತಿದ್ದವು. ಪೇದೆಗೆ ಅದು ಕೇಳಿಸಲಿಲ್ಲವೇ, ಕೇಳಿಸಿಯೂ ಬಿಟ್ಟನೇ, ನನಗೆ ತಿಳಿಯದು. ಅದೇ ಸಂಜೆ ಮಿಲ್ಲಿಗೆ ಬಂದು ಹಾಜರಿ ಪುಸ್ತಕದಲ್ಲಿ, ಅವನು ಬಿದ್ದ ದಿನ ಕೊಟ್ರೇಶನ ಹೆಸರಿನ ಮುಂದೆ 'ರಜೆ' ಎಂದು ನನ್ನ ಕೈಯಾರೆ ಬರೆದೆ. ಮುರಿದ ಏಣಿಯನ್ನು ಕಡಿದು, ಶೇಂಗಾ ಹೊಟ್ಟು ಉರಿಸುವ ಒಲೆಗೆ ಹಾಕಿದೆ. ಬಣ್ಣದ ವಾಸನೆ ಬಹಳ ಹೊತ್ತು ಇತ್ತು.

ಹಾಲಮ್ಮನಿಗೆ ನಿಜ ಗೊತ್ತಿತ್ತು. ದಾವಣಗೆರೆಯ ಆಸ್ಪತ್ರೆಯ ಹೊರಗೆ ಕೂತು ನಾನೇ ಎಲ್ಲ ಹೇಳಿದೆ, ಬಣ್ಣದ್ದು, ಒದೆಯದ್ದು ಎಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಅಷ್ಟರಲ್ಲಿ ಸಾವ್ಕಾರರು ಅವಳಿಗೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ ಕೊಡುವುದಾಗಿ ಹೇಳಿ ಕಳಿಸಿದ್ದರು.

"ಅಣ್ಣಾ, ನಾಳಿ ಅವ ಎದ್ದ ಅಂದ್ರೂ ದುಡ್ಯಾಂಗಿಲ್ಲ. ಈ ಕೆಲಸ ಹೋತಂದ್ರ ನಾ ಮಗಳ ಕಟಿಗೊಂಡು ಎಲ್ಲಿ ಹೋಗ್ಲಿ? ಮರ ಅಂದೀರಿ, ಮರಾನ ಇರ್ಲಿ ಬಿಡ್ರಿ."

ಹೀಗೆ ಹುಣಸೆಮರ ಅವರ ಮನೆಯೊಳಗೂ ಬೇರು ಬಿಟ್ಟಿತು.

ಕೊಟ್ರೇಶ ಬದುಕಿದ. ಎಡಗಾಲು ಎಳೆಯುತ್ತಾನೆ, ಎಡಗೈ ಮುಷ್ಟಿ ಬಿಚ್ಚುವುದಿಲ್ಲ. ಹಳೆಯದೆಲ್ಲ ಚೆನ್ನಾಗಿ ನೆನಪಿದೆ, ಹುಸೇನಸಾಬರ ಬಗ್ಗೆ ನಾನು ಹೇಳುತ್ತಿದ್ದ ಕತೆಗಳೂ ನೆನಪಿವೆ. ಆ ದಸರೆಯ ಹದಿನೈದು ದಿನ ಮಾತ್ರ ತಲೆಯಿಂದ ಒರೆಸಿ ಹೋಗಿದೆ. ಹೆಂಡತಿ ಹೇಳಿದ್ದನ್ನು ನಂಬಿದ. ಎಲ್ಲರೂ ಅದನ್ನೇ ಹೇಳಿದರು.

ಆಮೇಲಿನ ವರ್ಷಗಳಲ್ಲಿ ಮಿಲ್ಲು ಬದಲಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬಿದಿರು ಹೋಗಿ ಅಲ್ಯೂಮಿನಿಯಂ ಬಂತು. ಎಲಿವೇಟರಿಗೆ ಕಬ್ಬಿಣದ ಕಾಯಂ ಏಣಿ ಬೆಸೆದು, ಅದರ ಸುತ್ತ ಪಂಜರದ ಹಾಗೆ ಸರಳು ಹಾಕಿದರು. ಸೇಫ್ಟಿ ಸಾಹೇಬ ಎಂದು ಒಬ್ಬ ಹೊಸ ಹುದ್ದೆಯವನು ತಿಂಗಳಿಗೊಮ್ಮೆ ಬಂದು ಪಾಠ ಮಾಡುತ್ತಿದ್ದ. ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹೊರಗಿರಬೇಕು, ಮೂರು ಅಂಗ ಸದಾ ಏಣಿಗೆ ತಾಗಿರಬೇಕು, ಎಲ್ಲ ಸರಿಯಾದ ಮಾತೇ. ಪಾಠವಾದ ಮೇಲೆ ಎಲ್ಲರಿಗೂ ಬೆಲ್ಟು ತೊಡಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಫೋಟೋ ಆದ ಮೇಲೆ ಬೆಲ್ಟು ಬೀರುವಿಗೆ. ಹೆದರಿಕೊಂಡು ಒಮ್ಮೆ ನಾನು, "ಸಾಹೇಬ್ರ, ಅಲ್ಯೂಮಿನಿಯಂ ಏಣಿ ಒದ್ರ ಏನೂ ಗೊತ್ತಾಗಂಗಿಲ್ಲರಿ, ಇದನ್ನ ಹೆಂಗ ಪರೀಕ್ಷಾ ಮಾಡೋದು?" ಎಂದೆ. "ಪಟ್ಟಿಯಲ್ಲಿ ಟಿಕ್ ಮಾಡಬೇಕು" ಎಂದ.

ಒಮ್ಮೆ ಹರಪನಹಳ್ಳಿ ಕಡೆಯ ಒಂದು ಮೆಕ್ಕೆಜೋಳದ ಗೋದಾಮಿಗೆ ಎಲಿವೇಟರ್ ದುರಸ್ತಿಗೆ ಕರೆದರು. ನಾನು ಅಲ್ಲಿದ್ದಾಗಲೇ ಬಾಗಳಿಯ ಒಬ್ಬ ಕೂಲಿ ದೀಪ ಬದಲಿಸಲು ಅಲ್ಯೂಮಿನಿಯಂ ಏಣಿ ಹತ್ತಿದ. ಅದರ ಕಾಲಿನ ರಬ್ಬರ್ ಟೊಪ್ಪಿಗೆ ಎಂದೋ ಸವೆದು ಉದುರಿತ್ತು. ನೆಲದ ತುಂಬ ಜೋಳದ ನುಣ್ಣನೆ ಹೊಟ್ಟು. ಏಣಿ ಸರ್ರನೆ ಸರಿಯಿತು. ಆರಡಿ ಮಾತ್ರ. ಬೆನ್ನು ಹಿಡಿದುಕೊಂಡು ಏಳಲಾರದೆ ಬಿದ್ದಿದ್ದ. ನಾನು ಓಡುವಷ್ಟರಲ್ಲಿ ಪಕ್ಕದವನೊಬ್ಬ ಅವನ ತಲೆ ಎತ್ತಿ ಹಿಡಿದು, ಸಹಜವಾಗಿ, ಬಾಯಾರಿತೇ ಎಂದು ಕೇಳುವಷ್ಟು ಸಹಜವಾಗಿ ಹೇಳಿದ.

"ಹುಣಸೆಮರದಿಂದ ಬಿದ್ದೆ ಅಂತ ಹೇಳಪ್ಪ. ಎಲ್ಲಾರೂ ಹಂಗೇ ಹೇಳೋದು."

ಆ ಮನುಷ್ಯನನ್ನು ನಾನು ಹಿಂದೆ ನೋಡಿರಲಿಲ್ಲ. ಯಾರು ಕಲಿಸಿದರು ಎಂದು ಕೇಳಿದೆ. "ಯಾರ್ ಕಲಿಸ್ಬೇಕು ಸರ್, ಇದು ಮೊದಲಿಂದ ಇರೋದೇ" ಎಂದ. ಮೊದಲಿಂದ ಇರುವುದಲ್ಲ ಅದು. ಅದು ಹುಟ್ಟಿದ ಟೆಂಪೋದಲ್ಲಿ ನಾನು ಕೂತಿದ್ದೆ. ನಾನು ಹುಸೇನಸಾಬರ ಒದೆತವನ್ನು ಯಾರಿಗೂ ದಾಟಿಸಲಿಲ್ಲ, ಅದು ನನ್ನೊಂದಿಗೇ ಮುಗಿಯಿತು. ನನ್ನ ಸುಳ್ಳು ಮಾತ್ರ ತಾಲ್ಲೂಕು ದಾಟಿ ಹೋಗಿತ್ತು.

ನಿವೃತ್ತನಾದ ತಿಂಗಳು ಕೊಟ್ರೇಶನನ್ನು ನೋಡಲು ಹೋದೆ. ಮೊದಲೂ ಹೋಗುತ್ತಿದ್ದೆ, ಕಾಲು ಗಂಟೆ ಕೂತು ಎದ್ದು ಬರುತ್ತಿದ್ದೆ. ಅವತ್ತು ಅವನು ನನ್ನ ಕೈ ಹಿಡಿದುಕೊಂಡ.

"ಬಸಣ್ಣಾ, ಒಂದ್ ಮಾತ ಕೇಳ್ತೀನಿ. ಅದು ಯಾರ ಮರರೀ?"

"ಯಾವ ಮರ?"

"ನಾ ಬಿದ್ದ ಮರ. ಹನ್ನೆರಡು ವರ್ಷ ಆತು, ಯಾರೂ ಹೇಳವಲ್ರು. ಹಾಲಮ್ಮನ್ನ ಕೇಳಿದ್ರ ಒಳಗ ಹೋಗ್ತಾಳ. ನಮ್ಮನ್ಯಾಗ ಆಡು ಇದ್ದಿಲ್ಲ, ಸೊಪ್ಪು ಯಾಕ ಬೇಕಿತ್ತು ನನಗ? ಮಂದಿ ಮರದಾಗ ಕದಿಯಾಕ ಹೋಗಿದ್ನೇನ್ರಿ? ಅದಕ್ಕ ಮುಚ್ಚಿಡ್ತೀರೇನು ಎಲ್ಲಾರೂ?"

ಹನ್ನೆರಡು ವರ್ಷದಿಂದ ಈ ಮನುಷ್ಯ ತನ್ನನ್ನು ಕಳ್ಳನೆಂದುಕೊಂಡು ಕೂತಿದ್ದ. ಕಾಲು ಹೋದದ್ದಕ್ಕೆ ಅವನಿಗೆ ಅಷ್ಟು ದುಃಖವಿರಲಿಲ್ಲ. ಒಂದು ಮುಷ್ಟಿ ಶೇಂಗಾ ಮುಟ್ಟದವನ ಹೆಸರಿಗೆ ನಾನು ಒಂದು ಕಳವು ಕಟ್ಟಿದ್ದೆ. ನನಗೆ ಅಲ್ಲಿ ಕೂರಲಾಗಲಿಲ್ಲ.

ಇದನ್ನು ಸರಿ ಮಾಡುತ್ತೇನೆ ಎಂದು ಹೊರಟೆ. ಕೆಲಸಗಾರರ ವಿಚಾರ ನೋಡುವ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಬರೆದು ಕೊಟ್ಟೆ. ಅಲ್ಲಿನ ಅಧಿಕಾರಿ ಹೆಣ್ಣುಮಗಳು, ಸಮಾಧಾನದಿಂದ ಓದಿದರು. ನನ್ನ ಒತ್ತಾಯಕ್ಕೆ ಹಳೆಯ ಕಾಗದ ತರಿಸಿದರು. ಎರಡು ತಿಂಗಳು ಓಡಾಡಿದೆ. ಕೊನೆಗೆ ಕರೆದು ಎದುರಿಗೆ ಕೂರಿಸಿದರು.

"ದವಾಖಾನಿ ಪುಸ್ತಕದಾಗ ಮರ ಅಂತ ಐತಿ. ಪೊಲೀಸ್ ವರದಿಯಾಗ ಮರ, ಆಡು ಎರಡೂ ಅದಾವ. ಹಾಜರಿಯಾಗ ಆ ದಿನ ರಜಾ ಐತಿ. ಈ ಅಕ್ಷರ ಯಾರದ್ರಿ?"

"ನನ್ನದ್ರಿ."

"ಈ ಸಹಿ?"

"ಅದೂ ನನ್ನದ."

"ಏಣಿ ಎಲ್ಲೈತಿ?"

"ನಾನ ಕಡಿದು ಒಲಿಗೆ ಹಾಕಿದೆರಿ" ಎಂದೆ. "ಹಿಂಗಾದ್ರ ನಾ ಏನ್ ಮಾಡ್ಲಿ, ಯಜಮಾನ್ರ? ನಿಮ್ಮ ಮಾತಿಗೆ ನೀವ ವಿರುದ್ಧ ಸಾಕ್ಷಿ ಅದೀರಿ" ಎಂದರು. ಅವರ ತಪ್ಪೇನೂ ಇರಲಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಜೀವಮಾನದಲ್ಲಿ ನಾನು ಸಡಿಲವಿಲ್ಲದೆ ಬಿಗಿದ ಕೆಲಸ ಅದೊಂದೇ ಎಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು.

ಕಾಗದಕ್ಕೆ ಆಗದಿದ್ದರೆ ಬೇಡ, ಕೊಟ್ರೇಶನಿಗಾದರೂ ಹೇಳಬೇಕು. ಮಗಳ ಮದುವೆಯಾಗಿತ್ತು, ಹಾಲಮ್ಮ ಇನ್ನೂ ಮಿಲ್ಲಿಗೆ ಹೋಗುತ್ತಿದ್ದಳು. ರಜೆಯ ದಿನ ನೋಡಿ ಹೋದೆ. ಮೊದಲು ಅವಳನ್ನು ಕೇಳಿದೆ. ಕಸಬರಿಗೆ ಹಿಡಿದು ನಿಂತಿದ್ದವಳು ಅದನ್ನು ಮೂಲೆಗಿಟ್ಟು, "ಹೇಳ್ರಿ, ಬ್ಯಾಡನ್ನಲ್ಲ. ನನಗೂ ಸಾಕಾಗೈತಿ" ಎಂದಳು.

ಹೇಳಿದೆ. ಕೆಂಪು ಬಣ್ಣ, ವಿಭೂತಿ, ಮಲ್ಲಿಗೆ ಹಾರ, ಎತ್ತಿದ ಕಾಲು ಇಳಿಸಿದ್ದು, ಹನ್ನೊಂದನೆಯ ಮೆಟ್ಟಿಲು. ನೀನು ಕಳ್ಳನಲ್ಲ ತಮ್ಮಾ, ನೀನು ಮರವನ್ನೇ ಹತ್ತಿಲ್ಲ, ತಪ್ಪೆಲ್ಲ ನನ್ನದು ಎಂದೆ. ನನಗೆ ಅಳು ತಡೆಯಲಾಗಲಿಲ್ಲ. ಕೊಟ್ರೇಶ ನನ್ನನ್ನೇ ನೋಡುತ್ತಿದ್ದವನು ಮೆಲ್ಲಗೆ ನಕ್ಕ. ಬಲಗೈಯಿಂದ ನನ್ನ ಬೆನ್ನು ಸವರಿದ.

"ಬಿಡ್ರಿ ಬಸಣ್ಣಾ. ನನ್ನ ಸಮಾಧಾನಕ್ಕ ನಿಮ್ಮ ಮ್ಯಾಲ ಹಾಕ್ಕೋಬ್ಯಾಡ್ರಿ. ನೀವು ಒದೀಲಾರದ ಏಣಿ ನಾ ಯಾವತ್ತರ ಹತ್ತೀನೇನು?"

ಆಣೆ ಮಾಡಿದೆ. ಹಾಲಮ್ಮನೂ "ಖರೇನ ಐತಿ" ಎಂದಳು. ಅವನು ತಲೆ ಅಲ್ಲಾಡಿಸಿದ. ಹನ್ನೆರಡು ವರ್ಷ ಅವನಿಗೆ ಎಲ್ಲರೂ ಸುಳ್ಳು ಹೇಳಿದಾಗ ನಂಬಿದ್ದ. ನಿಜ ಹೇಳಿದ ದಿನ ನಂಬಲಿಲ್ಲ. ನಂಬದೇ ಇರುವುದಕ್ಕೆ ಕಾರಣ ನನ್ನ ಮೇಲಿನ ನಂಬಿಕೆಯೇ ಆಗಿತ್ತು.

"ಮರ ತೋರಸ್ರಿ ಸಾಕು" ಎಂದ. "ಯಾರ ಮರ ಅಂತ ಗೊತ್ತಾದ್ರ ಅವರ ಮನಿಗೆ ಹೋಗಿ ತಪ್ಪಾತು ಅಂತೀನಿ. ಅಷ್ಟ."

ಹಾಲಮ್ಮ ನನ್ನ ಮುಖ ನೋಡಿದಳು. ನಾನು ಅವನ ಹೆಗಲಿಗೆ ಕೈ ಕೊಟ್ಟು ಎಬ್ಬಿಸಿದೆ. ಊರ ಹೊರಗೆ ರಸ್ತೆಯ ಪಕ್ಕದಲ್ಲಿ ಸಾಲಾಗಿ ಹುಣಸೆಮರಗಳಿವೆ. ಸರ್ಕಾರದವು, ಯಾರ ಹೊಲದವೂ ಅಲ್ಲ. ಕಾಲೆಳೆಯುತ್ತ, ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡು ಅಲ್ಲಿಗೆ ಬಂದೆವು. ನಾನು ಒಂದು ಮರ ತೋರಿಸಿದೆ. ದೊಡ್ಡ ಮರ, ಕೆಳಗಿನ ಕೊಂಬೆ ಆಳೆತ್ತರದಲ್ಲಿತ್ತು.

"ಇದ. ರಸ್ತಿ ಮರ. ಯಾರದೂ ಅಲ್ಲ, ಕಳವು ಅಲ್ಲ."

ಅವನು ಬಹಳ ಹೊತ್ತು ನೋಡಿದ. ಅವನ ಮುಖ ಸಡಿಲವಾಗುತ್ತ ಬಂದದ್ದು ನನಗೆ ಕಾಣಿಸಿತು. ಬುಡದ ಹತ್ತಿರ ಹೋಗಿ, ಬಲಗೈಯನ್ನು ಕಾಂಡದ ಮೇಲಿಟ್ಟ. ಮತ್ತೆ ನನ್ನ ಕಡೆ ತಿರುಗಿ, ಮಿಲ್ಲಿನ ಬೆಳಗಿನ ದನಿಯಲ್ಲಿ, ಕಾಡಿಸುವ ಹಾಗೆ ಹೇಳಿದ.

"ಅವತ್ತ ನೀವು ಇದ್ದಿಲ್ಲ, ಅದಕ್ಕ ಬಿದ್ದೆ. ಈಗ ಬಂದೀರಲ್ಲ, ಒಮ್ಮಿ ಒದ್ದು ನೋಡ್ರಿ. ಎಣಸ್ತೀನಿ."

ಚಪ್ಪಲಿ ಬಿಟ್ಟು ಮರವನ್ನು ಒದ್ದೆ. "ಒಂದು" ಎಂದ.